ವಿದ್ಯುತ್ ಸ್ಕೂಟರ್ ಸವಾರಿಯ ನಿಯಮಗಳು: ಭೀಮೆಯ ಎರಡೂ ದಂಡೆಗಳಲ್ಲಿ

ವಿದ್ಯುತ್ ಸ್ಕೂಟರ್ ಸವಾರಿಯ ನಿಯಮಗಳು: ಬ್ಯಾಟರಿಯಿಂದ ಓಡುವ ಎರಡು ಗಾಲಿಯ ವಾಹನವನ್ನು ಸಾರ್ವಜನಿಕ ರಸ್ತೆಗೆ ತರಲು ಬೇಕಾದ ನೋಂದಣಿ, ಲೈಸನ್ಸ್, ವಿಮೆ, ಹೆಲ್ಮೆಟ್, ತೆರಿಗೆ ಮೊದಲಾದವನ್ನು ಗೊತ್ತುಪಡಿಸುವ ಕಟ್ಟಳೆಗಳು. ಭಾರತದಲ್ಲಿ ಇವುಗಳ ಮೂಲ 1988ರ ಮೋಟಾರು ವಾಹನ ಕಾಯ್ದೆ ಮತ್ತು ಅದರ ಅಡಿ ರಚಿತವಾದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಇವೆರಡೂ ದೇಶಕ್ಕೆಲ್ಲ ಒಂದೇ. ವಾಹನ ತೆರಿಗೆ, ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡದ ಮೊತ್ತ, ಬಾಡಿಗೆ ಸವಾರಿಯ ಅನುಮತಿ ಮಾತ್ರ ರಾಜ್ಯಗಳ ಕೈಯಲ್ಲಿವೆ. ಯಾವುದು ದಿಲ್ಲಿಯ ಕಾನೂನು, ಯಾವುದು ರಾಜ್ಯದ್ದು ಎಂಬ ಈ ಹಂಚಿಕೆ ಗಡಿಯ ಊರುಗಳಲ್ಲಿ ದಿನನಿತ್ಯದ ವಿಷಯ. ಆದ್ದರಿಂದ ಈ ಲೇಖನ ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಭಂಡಾರಕವಠೆಯ ಸೀಮೆಯಿಂದ ವಿಷಯವನ್ನು ನೋಡುತ್ತದೆ.

ಭಂಡಾರಕವಠೆ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನ ಊರು, ಭೀಮೆಯ ಎಡದಂಡೆಯ ಕಬ್ಬಿನ ಸೀಮೆ. ಲೋಕಮಂಗಲ ಸಕ್ಕರೆ ಕಾರ್ಖಾನೆ ಇಲ್ಲಿದೆ. ಕಚೇರಿಯ ಕಾಗದ ಮರಾಠಿಯಲ್ಲಿ, ಕಟ್ಟೆಯ ಮಾತು ಕನ್ನಡದಲ್ಲಿ. ಹೊಳೆಯ ಆಚೆಗೆ ಕರ್ನಾಟಕದ ವಿಜಯಪುರ ಜಿಲ್ಲೆಯ ಚಡಚಣ, ಇಂಡಿ ತಾಲ್ಲೂಕುಗಳು. 1956ರ ನವೆಂಬರ್ 1ರವರೆಗೆ ಎರಡೂ ದಂಡೆಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಅಕ್ಕಲಕೋಟೆ ತಾಲ್ಲೂಕನ್ನೂ ದಕ್ಷಿಣ ಸೊಲ್ಲಾಪುರದ ಹಲವು ಹಳ್ಳಿಗಳನ್ನೂ ಅಂದಿನ ಮೈಸೂರಿಗೆ ಕೊಡಬೇಕೆಂದು ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಹೀಗಾಗಿ ಈಚೆ ದಂಡೆಯ ಗಾಡಿಗೆ ಎಂಎಚ್ 13, ಆಚೆ ದಂಡೆಯದಕ್ಕೆ ಕೆಎ 28. ಅಕ್ಕಲಕೋಟೆ ದಾಟಿ ಅಫಜಲಪುರದ ಕಡೆ ಹೊರಟರೆ ಕಲಬುರಗಿಯ ಕೆಎ 32. ಬೀಗತನ, ಹೊಲ, ಸಂತೆ, ಜಾತ್ರೆ ಯಾವುದೂ ಈ ಅಕ್ಷರಗಳನ್ನು ಕೇಳಿಕೊಂಡು ನಡೆದಿಲ್ಲ.

ಹೊಳೆ ದಾಟಿದರೆ ನಿಯಮ ಬೇರೆಯೇ ಎಂದು ಇಲ್ಲಿನ ಸವಾರರು ಕೇಳುವುದುಂಟು. ಬಹುಮಟ್ಟಿಗೆ ಇಲ್ಲ. ಸ್ಕೂಟರಿನ ಮಟ್ಟಿಗೆ ದೊಡ್ಡ ಗಡಿ ಇರುವುದು ಅದರ ಮೋಟಾರಿನಲ್ಲೇ. ಆ ಗಡಿಯ ಈಚೆಗಿದ್ದರೆ ಅದು ಕಾನೂನಿನ ಕಣ್ಣಿಗೆ ಸೈಕಲ್ಲು, ಆಚೆಗೆ ಹೋದರೆ ಬುಲೆಟ್ಟಿಗೂ ಅದಕ್ಕೂ ವ್ಯತ್ಯಾಸವಿಲ್ಲ.

250 ವ್ಯಾಟ್, 25 ಕಿ.ಮೀ.

ಕೇಂದ್ರ ನಿಯಮಗಳ 2ನೆಯ ನಿಯಮದ (ಯು) ಉಪಖಂಡ ಬ್ಯಾಟರಿ ವಾಹನದ ವ್ಯಾಖ್ಯೆ ಕೊಡುತ್ತದೆ, ಜೊತೆಗೇ ಒಂದು ವಿನಾಯಿತಿಯನ್ನೂ ಇಡುತ್ತದೆ. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಬ್ಯಾಟರಿಯನ್ನು ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು. ತಕ್ಕ ಬ್ರೇಕು, ಮುಂದೆ ಬಿಳಿ ಮತ್ತು ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇಷ್ಟನ್ನೂ ಅಧಿಕೃತ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿಗೆ ಕೊಟ್ಟಿದ್ದರೆ ಆ ಗಾಡಿಯನ್ನು ಮೋಟಾರು ವಾಹನ ಎಂದು ಎಣಿಸುವುದಿಲ್ಲ. ಅಂಥ ಸಂಸ್ಥೆಗಳಲ್ಲಿ ಈ ಸೀಮೆಗೆ ಹತ್ತಿರದ್ದು ಪುಣೆಯ ಎಆರ್‌ಎಐ, 1966ರಲ್ಲಿ ಶುರುವಾದದ್ದು. ಹರಿಯಾಣದ ಮಾನೇಸರದಲ್ಲಿ ಐಕ್ಯಾಟ್ ಇದೆ.

ಮೂವತ್ತು ನಿಮಿಷದ ಶಕ್ತಿ ಎಂದರೆ ಮೋಟಾರು ಅತಿಯಾಗಿ ಕಾಯದೆ ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ. ಏರು ಹತ್ತುವಾಗ ಕೆಲವು ಸೆಕೆಂಡು ಅದೇ ಮೋಟಾರು ಇದಕ್ಕಿಂತ ಹೆಚ್ಚು ಎಳೆಯಬಲ್ಲುದು. ಆದ್ದರಿಂದ ಜಾಹೀರಾತಿನಲ್ಲಿ ಕಾಣುವ ಗರಿಷ್ಠ ಶಕ್ತಿಯ ಸಂಖ್ಯೆಯನ್ನು ಹಿಡಿದು ವಾದ ಮಾಡುವುದು ವ್ಯರ್ಥ. ಪರೀಕ್ಷಾ ಪ್ರಮಾಣಪತ್ರದಲ್ಲಿ ಏನಿದೆ ಎಂಬುದೇ ಲೆಕ್ಕ. ತೂಕದಲ್ಲಿ ಬ್ಯಾಟರಿಯನ್ನು ಬಿಟ್ಟಿದ್ದಕ್ಕೂ ಅರ್ಥವಿದೆ: ಅಗ್ಗದ ಗಾಡಿಗಳಲ್ಲಿ ಬಹುಕಾಲ ಇದ್ದದ್ದು ಸೀಸದ ಭಾರದ ಬ್ಯಾಟರಿ.

ಮೋಟಾರು ವಾಹನ ಅಲ್ಲ ಎಂದ ಮೇಲೆ ಕಾಯ್ದೆಯ ಉಳಿದ ಭಾಗ ಅದಕ್ಕೆ ತಗಲುವುದಿಲ್ಲ. ನೋಂದಣಿ ಬೇಡ, ನಂಬರ್ ಪ್ಲೇಟು ಬೇಡ, ಲೈಸನ್ಸ್ ಬೇಡ, ಮೂರನೆಯವರ ವಿಮೆ ಬೇಡ, ವಾಹನ ತೆರಿಗೆ ಇಲ್ಲ, ಕಾಯ್ದೆ ಹೇಳುವ ಕನಿಷ್ಠ ವಯಸ್ಸೂ ಇಲ್ಲ. ಹೆಲ್ಮೆಟ್ ಕಡ್ಡಾಯ ಮಾಡುವ 129ನೆಯ ಕಲಮು ಮೋಟಾರ್ ಸೈಕಲ್ಲಿನ ಸವಾರನಿಗೆ ಅನ್ವಯಿಸುವುದರಿಂದ ಅದೂ ಇಲ್ಲ. ಸೊಲ್ಲಾಪುರದ ಅಂಗಡಿಗಳಲ್ಲಾಗಲಿ ವಿಜಯಪುರದ ಅಂಗಡಿಗಳಲ್ಲಾಗಲಿ ಈ ಬಗೆಯ ಗಾಡಿ ಮಾರುವವರ ಮುಖ್ಯ ಮಾತೇ ಇದು: ಲೈಸನ್ ಬ್ಯಾಡ, ಪಾಸಿಂಗ್ ಬ್ಯಾಡ. ಶಾಲೆಗೆ ಹೋಗುವ ಹುಡುಗಿಯರಿಗೆ, ಹಾಲು ಹಾಕುವವರಿಗೆ, ಲೈಸನ್ಸ್ ಮಾಡಿಸುವ ವಯಸ್ಸು ದಾಟಿತು ಎಂದುಕೊಂಡ ಹಿರಿಯರಿಗೆ ಇದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಎಲ್ಲ ಕಾನೂನಿನಿಂದಲೂ ಬಿಡುಗಡೆ ಸಿಕ್ಕಿತು ಎಂದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು ಬೇಜವಾಬ್ದಾರಿಯ ಸವಾರಿಯನ್ನು ಅಪರಾಧವೆನ್ನುವಾಗ ಯಾವುದೇ ವಾಹನ ಎನ್ನುತ್ತದೆ, ಮೋಟಾರು ಇರಲೇಬೇಕೆಂದಿಲ್ಲ. ಅಜಾಗರೂಕತೆಯಿಂದ ಸಾವು ಸಂಭವಿಸಿದರೆ 106ನೆಯ ಕಲಮು ಬರುತ್ತದೆ. ಇನ್ನು ಕಬ್ಬಿನ ಹಂಗಾಮಿನಲ್ಲಿ, ಸಂಜೆ ಕತ್ತಲಾದ ಮೇಲೆ, ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ನಡುವೆ ಗಂಟೆಗೆ 25 ಕಿ.ಮೀ.ಯಲ್ಲಿ ಹೋಗುವವರಿಗೆ ಕಾನೂನು ಹೆಲ್ಮೆಟ್ ಕೇಳುವುದಿಲ್ಲ ಎಂಬುದು ಹೆಲ್ಮೆಟ್ ಬೇಡ ಎನ್ನಲು ಕಾರಣವಾಗಲಾರದು.

ವೈರು ಬಿಚ್ಚಿದ ಗಾಡಿ

ಗಡಿಯ ಊರುಗಳಲ್ಲಿ ನಿಜವಾಗಿ ತೊಡಕು ಹುಟ್ಟುವುದು ಇಲ್ಲಿ. ನಿಧಾನಗತಿಯ ಸ್ಕೂಟರಿನ ವೇಗವನ್ನು ತಡೆದು ಹಿಡಿಯುವುದು ಕಂಟ್ರೋಲರ್ ಎಂಬ ಪೆಟ್ಟಿಗೆ. ಎಷ್ಟೋ ಗಾಡಿಗಳಲ್ಲಿ ಈ ತಡೆ ಒಂದು ವೈರಿನ ಮೇಲೆ ನಿಂತಿರುತ್ತದೆ. ಅದನ್ನು ಬಿಚ್ಚಿದರೆ ವೇಗ 40ಕ್ಕೂ ಮೇಲೆ ಏರುತ್ತದೆ. ಇನ್ನು ಕೆಲವು ಗಾಡಿಗಳಿಗೆ ದೊಡ್ಡ ಕಂಟ್ರೋಲರ್, ಹೆಚ್ಚು ವೋಲ್ಟಿನ ಬ್ಯಾಟರಿ ಹಾಕಿಕೊಡುತ್ತಾರೆ. ಕಾಗದದ ಮೇಲೆ 250 ವ್ಯಾಟಿನ ಸೈಕಲ್ಲು, ರಸ್ತೆಯ ಮೇಲೆ ಸ್ಕೂಟರು.

2022ರ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಪುಣೆ, ವೆಲ್ಲೂರು, ವಿಜಯವಾಡಗಳಲ್ಲಿ ವಿದ್ಯುತ್ ಸ್ಕೂಟರುಗಳಿಗೂ ಬ್ಯಾಟರಿಗಳಿಗೂ ಬೆಂಕಿ ಹತ್ತಿದ ಮೇಲೆ ಮಹಾರಾಷ್ಟ್ರದ ಸಾರಿಗೆ ಆಯುಕ್ತರ ಕಚೇರಿ ಎಚ್ಚೆತ್ತಿತು. ಆ ವರ್ಷದ ಮೇ ತಿಂಗಳಲ್ಲಿ, ಒಪ್ಪಿಗೆಯಿಲ್ಲದೆ ಶಕ್ತಿ, ವೇಗ ಹೆಚ್ಚಿಸಿದ ಇ-ಬೈಕುಗಳ ಮೇಲೆ, ಮಾರುವವರ ಮೇಲೆ, ಕೊಂಡವರ ಮೇಲೆ ಕ್ರಮ ಕೈಗೊಳ್ಳಲು ರಾಜ್ಯದ ಎಲ್ಲ ಆರ್‌ಟಿಒಗಳಿಗೂ ಆದೇಶ ಹೋಯಿತು. ಕಾಯ್ದೆಯ 182ಎ ಕಲಮಿನಲ್ಲಿ ಇದಕ್ಕೆ ಬೇಕಾದ ಬಲವಿದೆ. ನಿಯಮ ಮೀರಿದ ವಾಹನ ತಯಾರಿಸಿದರೆ ಅಥವಾ ಮಾರಿದರೆ ಒಂದು ವರ್ಷದವರೆಗೆ ಸೆರೆ ಅಥವಾ ವಾಹನವೊಂದಕ್ಕೆ 1 ಲಕ್ಷ ರೂಪಾಯಿ ದಂಡ. ಮಾಲೀಕನೇ ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದರೆ ಆರು ತಿಂಗಳವರೆಗೆ ಸೆರೆ ಅಥವಾ ಮಾರ್ಪಾಡೊಂದಕ್ಕೆ 5,000 ರೂಪಾಯಿ.

ದಂಡಕ್ಕಿಂತ ದೊಡ್ಡ ಪೆಟ್ಟು ಬೇರೆಯಿದೆ. ವೈರು ಬಿಚ್ಚಿದ ಕ್ಷಣ ಗಾಡಿ ವಿನಾಯಿತಿಯನ್ನು ಕಳೆದುಕೊಂಡು ಮೋಟಾರು ವಾಹನವಾಗುತ್ತದೆ. ನೋಂದಣಿಯಿಲ್ಲದ, ವಿಮೆಯಿಲ್ಲದ, ಬಹಳ ಸಲ ಲೈಸನ್ಸ್ ಇಲ್ಲದವರು ಓಡಿಸುವ ಮೋಟಾರು ವಾಹನ. ಯಾರಿಗಾದರೂ ಹಾಯಿಸಿ ಗಾಯಗೊಳಿಸಿದರೆ ಪ್ರಕರಣ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿ ಹಣ ಕೊಡಲು ವಿಮಾ ಕಂಪನಿಯೇ ಇಲ್ಲ. ಪರಿಹಾರ ಮಾಲೀಕನ ಹೊಲ ಮನೆಯ ಮೇಲೆ ಬೀಳುತ್ತದೆ. ಕೆಲವು ನೂರು ರೂಪಾಯಿಗೆ ವೇಗ ಹೆಚ್ಚಿಸಿಕೊಡುವ ಮೆಕ್ಯಾನಿಕ್ ಈ ಭಾಗವನ್ನು ಹೇಳಿಕೊಡುವುದಿಲ್ಲ. ಕೊಳ್ಳುವವರು ಅಂಗಡಿಯಲ್ಲಿ ಪರೀಕ್ಷಾ ಸಂಸ್ಥೆಯ ಒಪ್ಪಿಗೆಪತ್ರದ ಪ್ರತಿ ಕೇಳಿ, ಅದರಲ್ಲಿರುವ ಮಾದರಿಯ ಹೆಸರೂ ಬಿಲ್ಲಿನಲ್ಲಿರುವ ಹೆಸರೂ ಒಂದೇ ಇದೆಯೇ ಎಂದು ನೋಡಿಕೊಂಡರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಪೆಟ್ರೋಲ್ ಗಾಡಿಗೆ ಬ್ಯಾಟರಿ ಕೂಡಿಸುವುದು ಬೇರೆಯೇ ವಿಷಯ. ಪರೀಕ್ಷಾ ಸಂಸ್ಥೆ ಒಪ್ಪಿದ ಕಿಟ್ ಆಗಿರಬೇಕು. ಬದಲಾವಣೆಯನ್ನು ಆರ್‌ಟಿಒ ನೋಂದಣಿ ಪುಸ್ತಕದಲ್ಲಿ ದಾಖಲಿಸಬೇಕು.

ಹಸಿರು ಪ್ಲೇಟಿನ ಗಾಡಿ

250 ವ್ಯಾಟ್, 25 ಕಿ.ಮೀ.ಯ ಗಡಿ ದಾಟಿದ ಸ್ಕೂಟರುಗಳು, ಅಂದರೆ ಚೇತಕ್, ಏಥರ್, ಐಕ್ಯೂಬ್, ಓಲಾದಂಥವು, ಪೂರ್ತಿ ಮೋಟಾರ್ ಸೈಕಲ್ಲುಗಳೇ. ಇವು ಆರ್‌ಟಿಒದಲ್ಲಿ ಪಾಸಿಂಗ್, ಅಂದರೆ ನೋಂದಣಿ, ಆಗಲೇಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ. 2018ರ ಆಗಸ್ಟ್‌ನ ಅಧಿಸೂಚನೆಯಂತೆ ಬ್ಯಾಟರಿ ವಾಹನಕ್ಕೆ ಹಸಿರು ಪ್ಲೇಟು. ಖಾಸಗಿಯದಾದರೆ ಬಿಳಿ ಅಕ್ಷರ, ಬಾಡಿಗೆಯದಾದರೆ ಹಳದಿ ಅಕ್ಷರ. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಅತಿ ಸುರಕ್ಷಿತ ಪ್ಲೇಟು ಕಂಪನಿಯಿಂದಲೇ ಬರುತ್ತದೆ. 2021ರ ಆಗಸ್ಟ್ 2ರ ತಿದ್ದುಪಡಿ ಬ್ಯಾಟರಿ ವಾಹನಗಳಿಗೆ ನೋಂದಣಿ ಪತ್ರ ಕೊಡುವ, ನವೀಕರಿಸುವ, ಹೊಸ ನಂಬರು ಕೊಡುವ ಶುಲ್ಕಗಳನ್ನು ತೆಗೆದುಹಾಕಿತು. ಹೊಗೆಯೇ ಇಲ್ಲದ್ದರಿಂದ ಹೊಗೆ ತಪಾಸಣೆಯ ಪತ್ರ ಬೇಕಿಲ್ಲ. 2020ರ ಆಗಸ್ಟ್‌ನಿಂದ ಬ್ಯಾಟರಿ ಇಲ್ಲದೆಯೇ ಗಾಡಿ ಮಾರಿ ನೋಂದಾಯಿಸಲೂ ಅವಕಾಶವಿದೆ. ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಏರ್ಪಾಟಿಗೆ ಅನುಕೂಲವಾಗಲೆಂದು ಈ ಕ್ರಮ.

ಲೈಸನ್ಸ್ ಬೇಕು, ಗೇರ್ ಇಲ್ಲದ ಮೋಟಾರ್ ಸೈಕಲ್ ವರ್ಗದ್ದು ಸಾಕು, ಗೇರ್ ಗಾಡಿಯ ಲೈಸನ್ಸ್ ಇರುವವರು ಬೇರೆ ಮಾಡಿಸಬೇಕಿಲ್ಲ. ಸೊಲ್ಲಾಪುರದಲ್ಲಿ ವಿಜಾಪುರ ರಸ್ತೆಯ ಆರ್‌ಟಿಒ ಕೊಟ್ಟ ಲೈಸನ್ಸ್ ಚಡಚಣದಲ್ಲೂ ಚೆನ್ನೈಯಲ್ಲೂ ನಡೆಯುತ್ತದೆ. ವಯಸ್ಸು 18. ಕಾಯ್ದೆಯ 4ನೆಯ ಕಲಮು 50 ಸಿಸಿಯೊಳಗಿನ ಗಾಡಿಯನ್ನು 16ಕ್ಕೇ ಓಡಿಸಲು ಬಿಡುತ್ತದೆ, ಆದರೆ ಬ್ಯಾಟರಿ ಗಾಡಿಗೆ ಸಿಸಿಯೇ ಇಲ್ಲ. ಆ ವಿನಾಯಿತಿಯನ್ನು ನಂಬಿ ಮಗನ ಕೈಗೆ ಕೀಲಿ ಕೊಡುವ ತಂದೆ ದೊಡ್ಡ ಜೂಜಾಡುತ್ತಾನೆ. 2019ರ ತಿದ್ದುಪಡಿ ಸೇರಿಸಿದ 199ಎ ಕಲಮು ಅಪ್ರಾಪ್ತರು ಮಾಡಿದ ತಪ್ಪಿಗೆ ಪಾಲಕ ಅಥವಾ ಮಾಲೀಕನನ್ನು ಹೊಣೆ ಮಾಡುತ್ತದೆ: ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಓಡಿಸಿದ ಹುಡುಗನಿಗೆ 25 ತುಂಬುವವರೆಗೆ ಲೈಸನ್ಸ್ ಇಲ್ಲ. ಕಾಯ್ದೆಯಲ್ಲಿ ಸ್ಕೂಟರ್ ಸವಾರರಿಗೆ ಸಂಬಂಧಿಸಿದ ಶಿಕ್ಷೆಗಳಲ್ಲಿ ಕುಟುಂಬವನ್ನು ಅಲ್ಲಾಡಿಸಬಲ್ಲದ್ದು ಇದೊಂದೇ, ಕಾಲೇಜು ಗೇಟಿನ ಮುಂದೆ ಹೆಚ್ಚು ಮುರಿಯುವುದೂ ಇದನ್ನೇ.

ವಿಮೆಯಲ್ಲಿ ಬ್ಯಾಟರಿ ಗಾಡಿಗೆ ಸ್ವಲ್ಪ ಅಗ್ಗ. 2022ರ ಜೂನ್ 1ರಿಂದ ಬಂದ ದರಪಟ್ಟಿಯಲ್ಲಿ ಮೂರನೆಯವರ ವಿಮೆಯ ವಾರ್ಷಿಕ ಕಂತು 3 ಕಿಲೋವ್ಯಾಟ್‌ವರೆಗಿನ ಮೋಟಾರಿಗೆ 457 ರೂಪಾಯಿ, 3ರಿಂದ 7 ಕಿಲೋವ್ಯಾಟ್‌ವರೆಗೆ 607 ರೂಪಾಯಿ. ಹೊಸ ಗಾಡಿಗೆ ಐದು ವರ್ಷದ ವಿಮೆ ಒಟ್ಟಿಗೇ ಮಾಡಿಸಬೇಕೆಂಬ ನಿಯಮ 2018ರ ಸೆಪ್ಟೆಂಬರಿನಿಂದ ಇದೆ. ಸವಾರ, ಹಿಂದೆ ಕೂತವರು ಇಬ್ಬರಿಗೂ ಹೆಲ್ಮೆಟ್ ಬೇಕು, ನಾಲ್ಕು ವರ್ಷ ಮೀರಿದ ಮಕ್ಕಳಿಗೂ ಬೇಕು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಗುವಿಗೆ ಹೆಲ್ಮೆಟ್ಟಿನ ಜೊತೆ ಸವಾರನಿಗೆ ಬಿಗಿಯುವ ಪಟ್ಟಿ ಇರಬೇಕು, ವೇಗ 40 ದಾಟಬಾರದು. 2023ರ ಫೆಬ್ರವರಿಯಿಂದ ಇದು ಜಾರಿ. ಹಿಂದೆ ಒಬ್ಬರೇ ಕೂರಬೇಕು ಎಂಬ ನಿಯಮದ ಬಗ್ಗೆ ಗುರುವಾರ ಭಕ್ತರಿಂದ ತುಂಬುವ ಅಕ್ಕಲಕೋಟೆಯ ರಸ್ತೆ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಎಂಎಚ್ 13ರಿಂದ ಕೆಎ 28ಕ್ಕೆ

ರಾಷ್ಟ್ರೀಯ ಹೆದ್ದಾರಿ 52 ಸೊಲ್ಲಾಪುರದಿಂದ ದಕ್ಷಿಣಕ್ಕೆ ಇಳಿದು, ನಾಂದಣಿ ದಾಟಿ, ಭೀಮೆಯ ಸೇತುವೆಯ ಮೇಲೆ ಧೂಳಖೇಡಕ್ಕೆ ಬಂದು ಕರ್ನಾಟಕ ಸೇರುತ್ತದೆ. ಅಲ್ಲಿಂದ ಝಳಕಿ, ಹೊರ್ತಿ, ವಿಜಯಪುರ. ಸ್ಕೂಟರಿಗೆ ಇಲ್ಲಿ ಟೋಲ್ ಇಲ್ಲ, ಪರ್ಮಿಟ್ ಇಲ್ಲ, ಗಡಿಯಲ್ಲಿ ನಿಂತು ಬರೆಸುವಂಥದ್ದೂ ಇಲ್ಲ. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ಎರಡೂ ರಾಜ್ಯದ ಪೊಲೀಸರು ಮೂಲಪ್ರತಿಯಂತೆಯೇ ಒಪ್ಪಬೇಕು. 2018ರಿಂದ ಕೇಂದ್ರದ ನಿಯಮವೇ ಹೀಗಿದೆ. ಒಂದು ರಾಜ್ಯದಲ್ಲಿ ಹಾಕಿದ ಇ-ಚಲನ್ ಗಾಡಿಯ ನಂಬರಿನ ಜೊತೆ ಅಂಟಿಕೊಂಡಿರುತ್ತದೆ, ಆದ್ದರಿಂದ ಹೊಳೆ ದಾಟಿ ಬಂದರೆ ತೀರಿತು ಎಂದುಕೊಳ್ಳುವಂತಿಲ್ಲ.

ಬದಲಾಗುವುದು ದಂಡದ ಲೆಕ್ಕ. 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದ್ದಕ್ಕೆ 1,000 ರೂಪಾಯಿ ಮತ್ತು ಮೂರು ತಿಂಗಳ ಲೈಸನ್ಸ್ ಅನರ್ಹತೆ ಎಂದಿತು, ಲೈಸನ್ಸ್ ಇಲ್ಲದೆ ಓಡಿಸಿದರೆ 5,000 ಎಂದಿತು, ವಿಮೆ ಇಲ್ಲದ್ದಕ್ಕೆ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ಎಂದಿತು. ಆದರೆ ಪ್ರಕರಣವನ್ನು ಕೋರ್ಟಿಗೆ ಒಯ್ಯದೆ ಸ್ಥಳದಲ್ಲೇ ಎಷ್ಟಕ್ಕೆ ಮುಗಿಸಬೇಕು ಎಂದು ಗೊತ್ತುಪಡಿಸುವ ಅಧಿಕಾರ 200ನೆಯ ಕಲಮಿನಲ್ಲಿ ರಾಜ್ಯಕ್ಕಿದೆ. ಕರ್ನಾಟಕ ಮೊದಲು ಹೊಸ ದರವನ್ನೇ ಹಾಕಿ, ಗದ್ದಲವಾದ ಮೇಲೆ 2019ರ ಸೆಪ್ಟೆಂಬರಿನಲ್ಲೇ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ಟಿನದು 500 ಆಯಿತು. ಮಹಾರಾಷ್ಟ್ರ ಹೊಸ ದರಗಳನ್ನು ತಡೆಹಿಡಿದು, 2021ರ ಡಿಸೆಂಬರಿನಲ್ಲಷ್ಟೇ ತನ್ನ ಪಟ್ಟಿಯನ್ನು ಹೊರಡಿಸಿತು. ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಭೀಮೆಯ ಈ ದಂಡೆಯಲ್ಲಿ ಹಳೆಯ ದಂಡ, ಆ ದಂಡೆಯಲ್ಲಿ ಹೊಸದು. ಕಾಯ್ದೆ ಒಂದೇ ಆಗಿದ್ದೂ ಜೇಬಿಗೆ ಬೇರೆ ಬೇರೆಯಾಗಿ ತಗಲಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದಿಲ್ಲ.

ತೆರಿಗೆಯಲ್ಲಿ ಕಥೆ ತಿರುವುಮುರುವು. ಪೆಟ್ರೋಲ್ ಗಾಡಿಯ ಮಟ್ಟಿಗೆ ಗಡಿ ಎಂದರೆ ಖರ್ಚು. ಕರ್ನಾಟಕದ ತೆರಿಗೆ 1957ರ ಕಾಯ್ದೆಯಂತೆ, ಮಹಾರಾಷ್ಟ್ರದ್ದು 1958ರ ಕಾಯ್ದೆಯಂತೆ. ಕರ್ನಾಟಕದಲ್ಲಿ 1 ಲಕ್ಷಕ್ಕಿಂತ ಹೆಚ್ಚು ಬೆಲೆಯ ಪೆಟ್ರೋಲ್ ಬೈಕಿಗೆ ಆಜೀವ ತೆರಿಗೆ ಶೇ 18. ಕೇಂದ್ರ ಕಾಯ್ದೆಯ 47ನೆಯ ಕಲಮಿನಂತೆ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿನ ನಂಬರು ಹಾಕಿಸಬೇಕು. ಅದಕ್ಕೆ ಮೊದಲು ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಆಮೇಲೆ ಹೊಸ ರಾಜ್ಯದ ತೆರಿಗೆ, ಆಮೇಲೆ ಹಳೆಯ ರಾಜ್ಯದಿಂದ ಮರುಪಾವತಿಗೆ ಅರ್ಜಿ. ಭಂಡಾರಕವಠೆಯಲ್ಲಿ ಗಾಡಿ ಕೊಂಡು ವಿಜಯಪುರದಲ್ಲಿ ನೌಕರಿ ಹಿಡಿದವರಿಗೆ ಈ ಅಲೆದಾಟ ಗೊತ್ತು.

ಬ್ಯಾಟರಿ ಸ್ಕೂಟರಿಗೆ ಎರಡೂ ರಾಜ್ಯಗಳು ವಾಹನ ತೆರಿಗೆ ಬಿಟ್ಟುಕೊಟ್ಟಿವೆ. ಕರ್ನಾಟಕ 2017ರಲ್ಲಿ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ. 2024ರಲ್ಲಿ ಅದು 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಹಾಕಿದಾಗಲೂ ಸ್ಕೂಟರುಗಳನ್ನು ಮುಟ್ಟಲಿಲ್ಲ. ಮಹಾರಾಷ್ಟ್ರ 2021ರ ಜುಲೈಯ ನೀತಿಯಲ್ಲಿ ಕೊಟ್ಟ ವಿನಾಯಿತಿಯನ್ನು 2025ರ ನೀತಿಯಲ್ಲಿ 2030ರವರೆಗೆ ಮುಂದುವರಿಸಿತು. ನಂಬರು ಬದಲಿಸುವ ಶುಲ್ಕವೂ ಕೇಂದ್ರದಿಂದ ಮಾಫಿ. 12 ತಿಂಗಳ ನಿಯಮ ಮಾತ್ರ ಹಾಗೇ ಉಳಿದಿದೆ, ಎನ್‌ಒಸಿ ತರಲೇಬೇಕು. ಆದರೆ ಎರಡು ಸಲ ತೆರಿಗೆ ಎಂಬ ಹಳೆಯ ಗೋಳು ಈ ಗಾಡಿಗಿಲ್ಲ. 1956ರ ನಂತರ ಗಡಿನಾಡ ಕುಟುಂಬಕ್ಕೆ ಸಿಕ್ಕ, ತೆರಿಗೆಯ ದೃಷ್ಟಿಯಿಂದ ಗಡಿಯೇ ಇಲ್ಲದ ಮೊದಲ ಬಂಡಿ ಇದು ಎನ್ನಬಹುದು. ಇದನ್ನು ಯಾವ ಸರ್ಕಾರವೂ ಯೋಚಿಸಿ ಮಾಡಿದ್ದಲ್ಲ.

ಕಲಬುರಗಿಯ ಆಚೆಗಿನ ತೆಲಂಗಾಣವೂ 2024ರ ನವೆಂಬರಿನಲ್ಲಿ ಪೂರ್ಣ ತೆರಿಗೆ ವಿನಾಯಿತಿ ಘೋಷಿಸಿ 2026ರ ಕೊನೆಯವರೆಗೆ ಎಂದು ಗೊತ್ತುಮಾಡಿತು. ಸಹಾಯಧನ ಪ್ರತ್ಯೇಕ: ಕೇಂದ್ರದ ಫೇಮ್-2 ಯೋಜನೆ 2019ರಿಂದ 2024ರ ಮಾರ್ಚ್‌ವರೆಗೆ ನಡೆಯಿತು, 2024ರ ಅಕ್ಟೋಬರಿನಿಂದ ಪಿಎಂ ಇ-ಡ್ರೈವ್. ಫೇಮ್-2ರಲ್ಲಿ ಕನಿಷ್ಠ 40 ಕಿ.ಮೀ. ವೇಗ, 80 ಕಿ.ಮೀ. ದೂರ ಕೇಳಿದ್ದರಿಂದ ನಿಧಾನಗತಿಯ ಅಗ್ಗದ ಗಾಡಿಗಳು ಹೊರಗುಳಿದವು. ಕಡಿಮೆ ಹಣದವರು ಕೊಳ್ಳುವ ಗಾಡಿಗೆ ಸಹಾಯಧನವಿಲ್ಲ, ಲಕ್ಷದ ಗಾಡಿಗೆ ಇದೆ ಎಂಬ ಸ್ಥಿತಿ ಹಳ್ಳಿಗಳಲ್ಲಿ ವೈರು ಬಿಚ್ಚುವ ದಂಧೆಗೆ ನೀರೆರೆಯಿತು ಎಂಬುದು ಈ ಲೇಖಕನ ಅಭಿಪ್ರಾಯ.

ಚಾರ್ಜಿಂಗ್

ಮನೆಯ ಕರೆಂಟಿನಲ್ಲೇ ಗಾಡಿ ಚಾರ್ಜ್ ಮಾಡಬಹುದು ಎಂದು ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿ ಹೇಳಿತು. ಬೇರೆ ಮೀಟರು ಬೇಕಿಲ್ಲ. ಚಾರ್ಜಿಂಗ್ ಎಂದರೆ ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ಲೈಸನ್ಸ್ ಬೇಡ ಎಂದು 2018ರಲ್ಲೇ ಸ್ಪಷ್ಟಪಡಿಸಲಾಗಿದೆ. ಹೀಗಾಗಿ ಚಹಾದಂಗಡಿಯವನು ಒಂದು ಪ್ಲಗ್ ಇಟ್ಟು ದುಡ್ಡು ತೆಗೆದುಕೊಂಡರೆ ಅದು ತಪ್ಪಲ್ಲ. ಈಚೆ ದಂಡೆಗೆ ಕರೆಂಟು ಕೊಡುವುದು ಮಹಾವಿತರಣ, ಆಚೆ ವಿಜಯಪುರಕ್ಕೆ ಹೆಸ್ಕಾಂ, ಕಲಬುರಗಿಗೆ ಜೆಸ್ಕಾಂ.

ತಪ್ಪು ಆಗುವುದು ಹೊಲದಲ್ಲಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇದೆ, ಮಹಾರಾಷ್ಟ್ರ 2024ರಿಂದ 7.5 ಎಚ್‌ಪಿವರೆಗೆ ಕೊಡುತ್ತಿದೆ. ಸ್ಟಾರ್ಟರ್ ಪೆಟ್ಟಿಗೆಯಿಂದ ಎಳೆದ ವೈರಿಗೆ ಸ್ಕೂಟರ್ ಚಾರ್ಜರ್ ಸಿಕ್ಕಿಸುವುದು, ಯಾವ ಉದ್ದೇಶಕ್ಕೆ ಸಂಪರ್ಕ ಕೊಟ್ಟಿದೆಯೋ ಅದಲ್ಲದ ಬಳಕೆ. 2003ರ ವಿದ್ಯುತ್ ಕಾಯ್ದೆಯ 126ನೆಯ ಕಲಮಿನಲ್ಲಿ ಇದು ಅನಧಿಕೃತ ಬಳಕೆ. ಮೂರು ಫೇಸಿನ ಏರುಪೇರಿಗೆ ಚಾರ್ಜರ್ ಸುಡುವ ಸಾಧ್ಯತೆ ಕಾನೂನಿಗಿಂತ ಬೇಗ ಪಾಠ ಕಲಿಸುತ್ತದೆ. ಬ್ಯಾಟರಿಯ ಸುರಕ್ಷತೆಗೆ ಕೇಂದ್ರ ಎಐಎಸ್ 156 ಎಂಬ ಮಾನಕವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್‌ನಿಂದ ಒಂದು ಹಂತ, 2023ರ ಮಾರ್ಚ್ ಕೊನೆಯಿಂದ ಇನ್ನೊಂದು ಹಂತ ಜಾರಿಗೆ ತಂದಿತು. ಕೋಶವೊಂದು ಕಾದು ಹತ್ತಿದರೆ ಬೆಂಕಿ ಪಕ್ಕದ ಕೋಶಗಳಿಗೆ ದಾಟಬಾರದು ಎಂಬುದು ಅದರ ಮುಖ್ಯ ಬೇಡಿಕೆಗಳಲ್ಲೊಂದು. ಅದಕ್ಕೆ ಹಿಂದಿನ ಹಳೆಯ ಗಾಡಿ ಕೊಳ್ಳುವವರು ತಯಾರಿಕೆಯ ತಿಂಗಳು ನೋಡಿಕೊಳ್ಳುವುದು ಒಳ್ಳೆಯದು.

ಬಾಡಿಗೆ ಸವಾರಿ

ದುಡ್ಡು ಪಡೆದು ಜನರನ್ನು ಕೂರಿಸಿಕೊಂಡು ಹೋಗುವ ವಿಷಯದಲ್ಲಿ ಎರಡೂ ರಾಜ್ಯಗಳು ಎದುರುಬದುರು ದಾರಿ ಹಿಡಿದವು. ಕೇಂದ್ರ 2018ರ ಅಕ್ಟೋಬರಿನಲ್ಲೇ ಬ್ಯಾಟರಿಯ ಸಾರಿಗೆ ವಾಹನಗಳಿಗೆ ಪರ್ಮಿಟ್ ಬೇಡ ಎಂದಿತ್ತು. ಕರ್ನಾಟಕ 2021ರ ಜುಲೈಯಲ್ಲಿ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು ಉತ್ಸಾಹದಿಂದ ಹೊರಡಿಸಿ, 10 ಕಿ.ಮೀ. ಒಳಗಿನ ಪ್ರಯಾಣಕ್ಕೆ ಬಿಟ್ಟಿತು. ಆಟೋದವರ ವಿರೋಧದ ನಡುವೆ 2024ರ ಮಾರ್ಚ್‌ನಲ್ಲಿ ಅದನ್ನು ಹಿಂತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ, ಸರಿಯಾದ ನಿಯಮಗಳಿಲ್ಲದೆ ಬೈಕ್ ಟ್ಯಾಕ್ಸಿ ಓಡಕೂಡದೆಂದಿತು. ವಿಷಯ ಮೇಲ್ಮನವಿಗೆ ಹೋಯಿತು. ಅದೇ ಏಪ್ರಿಲ್ 1ರಂದು ಮಹಾರಾಷ್ಟ್ರದ ಸಂಪುಟ ಒಂದು ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಇ-ಬೈಕ್ ಟ್ಯಾಕ್ಸಿಗೆ ಒಪ್ಪಿತು, ಜುಲೈಯಲ್ಲಿ ನಿಯಮಗಳು ಬಂದವು. ವಿದ್ಯುತ್ ವಾಹನವೇ ಆಗಿರಬೇಕು, ಕಂಪನಿಯ ಬಳಿ ಕನಿಷ್ಠ 50 ಗಾಡಿ ಇರಬೇಕು, ಚಾಲಕರ ವಯಸ್ಸು 20ರಿಂದ 50, ಒಂದು ಸವಾರಿ 15 ಕಿ.ಮೀ. ಮೀರಬಾರದು.

2011ರ ಜನಗಣತಿಯಲ್ಲಿ 9,51,558 ಜನರಿದ್ದ ಸೊಲ್ಲಾಪುರ ಈ ಅಳತೆಗೆ ಬರುತ್ತದೆ. ಅಕ್ಕಲಕೋಟೆ ಬರುವುದಿಲ್ಲ. ಅಲ್ಲಿನ ಸ್ವಾಮಿ ಸಮರ್ಥರ ಮಠಕ್ಕೆ ಹೋಗುವ ಭಕ್ತರಿಗೆ ಸೊಲ್ಲಾಪುರದಿಂದ ಸುಮಾರು 40 ಕಿ.ಮೀ. ದಾರಿ; 15ರ ಮಿತಿಯಲ್ಲಿ ಅದೂ ಕೂಡದು. ಹಾಗಾಗಿ ಯಾತ್ರಿಕರಿಗೆ ಎಸ್‌ಟಿ ಬಸ್ಸು, ಜೀಪುಗಳೇ ಗತಿ. ಭಂಡಾರಕವಠೆಯಂಥ ಹಳ್ಳಿಯಲ್ಲಿ ಹಸಿರು ಪ್ಲೇಟಿನ ಬಿಳಿ ಅಕ್ಷರದ ಗಾಡಿಯ ಮೇಲೆ ಬಾಡಿಗೆ ಹೊಡೆಯುವುದು ಇಂದಿಗೂ ನಿಯಮಬಾಹಿರವೇ. ಪರಿಚಯದವರನ್ನು ಅದೇ ತಾಲ್ಲೂಕಿನ ಮಂದ್ರೂಪಕ್ಕೆ ಬಿಟ್ಟು ಚಹಾ ಕುಡಿಸಿಕೊಳ್ಳುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

ಹೊರದೇಶಗಳಲ್ಲಿ

ವಿದೇಶದಲ್ಲಿ ಇ-ಸ್ಕೂಟರ್ ಎಂದರೆ ಬಹುತೇಕ ನಿಂತು ಸವಾರಿ ಮಾಡುವ, ಮಡಚುವ ಸಣ್ಣ ಗಾಡಿ. ಕನ್ನಡ ಕುಟುಂಬಗಳು ಹೆಚ್ಚಾಗಿರುವ ನಾಡುಗಳಲ್ಲೇ ಇದರ ನಿಯಮಗಳು ಒಂದಕ್ಕೊಂದು ಹೊಂದುವುದಿಲ್ಲ. ಬ್ರಿಟನ್ನಿನಲ್ಲಿ ಸ್ವಂತದ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ; 2020ರ ಜುಲೈಯಿಂದ ಗೊತ್ತಾದ ಊರುಗಳಲ್ಲಿ ಬಾಡಿಗೆ ಗಾಡಿಯ ಪ್ರಯೋಗ ನಡೆದಿದೆ, ಅದಕ್ಕೂ ಡ್ರೈವಿಂಗ್ ಲೈಸನ್ಸ್ ಬೇಕು. ಜರ್ಮನಿ 2019ರ ಜೂನ್ 15ರಿಂದ ಒಪ್ಪಿಕೊಂಡಿತು: 20 ಕಿ.ಮೀ. ವೇಗ, 14 ವರ್ಷ, ಲೈಸನ್ಸ್ ಬೇಡ, ಆದರೆ ವಿಮೆಯ ಸ್ಟಿಕ್ಕರ್ ಕಡ್ಡಾಯ. ಪ್ಯಾರಿಸ್ಸಿನವರು 2023ರ ಏಪ್ರಿಲ್‌ನಲ್ಲಿ ಮತ ಹಾಕಿ ಬಾಡಿಗೆ ಗಾಡಿಗಳನ್ನೇ ಊರಿಂದ ಹೊರಹಾಕಿದರು; ಸೆಪ್ಟೆಂಬರ್ 1ರಿಂದ ಅವು ಮಾಯ. ಸಿಂಗಪುರ 2019ರ ನವೆಂಬರ್ 5ರಿಂದ ಪಾದಚಾರಿ ಮಾರ್ಗದಲ್ಲಿ ನಿಷೇಧಿಸಿತು. ದುಬೈಯಲ್ಲಿ 16 ತುಂಬಿದವರು, ಡ್ರೈವಿಂಗ್ ಲೈಸನ್ಸ್ ಇಲ್ಲದಿದ್ದರೆ ಆನ್‌ಲೈನ್ ತರಬೇತಿ ಮುಗಿಸಿ ಪರವಾನಗಿ ಪಡೆದು, ಗೊತ್ತಾದ ಟ್ರ್ಯಾಕುಗಳಲ್ಲಿ ಓಡಿಸಬಹುದು. ಚೀನಾದಲ್ಲಿ ಮಾತ್ರ ನಮ್ಮದನ್ನು ಹೋಲುವ ಗೆರೆಯಿದೆ: 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮಾನಕದಂತೆ 25 ಕಿ.ಮೀ. ವೇಗ, 400 ವ್ಯಾಟ್, 55 ಕಿಲೋದೊಳಗಿನದು ವಿದ್ಯುತ್ ಸೈಕಲ್ಲು, ಮೀರಿದ್ದು ಮೋಟಾರು ವಾಹನ ಎನಿಸಿತು.

ಭಾರತದಲ್ಲಿ ನಿಂತು ಓಡಿಸುವ ಗಾಡಿಗೆ ಪ್ರತ್ಯೇಕ ವರ್ಗವೇ ಇಲ್ಲ. 250 ವ್ಯಾಟ್, 25 ಕಿ.ಮೀ.ಯೊಳಗಿದ್ದು ಇಲ್ಲಿನ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದಿದ್ದರೆ ಸರಿ. ಇಲ್ಲವಾದರೆ ನೋಂದಾಯಿಸಲು ಮಾದರಿ ಒಪ್ಪಿಗೆಯೇ ಇಲ್ಲದ್ದರಿಂದ ಯಾವ ಆರ್‌ಟಿಒವೂ ನಂಬರು ಕೊಡಲಾರದು. ದುಬೈಯಿಂದ ಊರಿಗೆ ಬರುವವರು ಮಕ್ಕಳಿಗೆಂದು ಇಂಥದ್ದನ್ನು ತರಲು ಹೊರಟರೆ ವಿಮಾನದಲ್ಲೇ ಮೊದಲ ತಡೆ: 160 ವ್ಯಾಟ್-ಅವರ್ ಮೀರಿದ ಲಿಥಿಯಂ ಬ್ಯಾಟರಿಗೆ ಪ್ರಯಾಣಿಕರ ಸಾಮಾನಿನಲ್ಲಿ ಜಾಗವಿಲ್ಲ, ಈ ಗಾಡಿಗಳ ಬ್ಯಾಟರಿ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು. ಹೇಗೋ ತರಿಸಿಕೊಂಡರೂ ಅದನ್ನು ಮನೆಯ ಅಂಗಳದಲ್ಲಿ, ಸ್ವಂತ ಹೊಲದ ದಾರಿಯಲ್ಲಿ ಓಡಿಸಬಹುದು, ಮಂದ್ರೂಪದ ಡಾಂಬರು ರಸ್ತೆಗೆ ಇಳಿಸುವಂತಿಲ್ಲ.